ಲಕ್ಷದ ಚಕ್ರ, ಸೀಮೆಸುಣ್ಣದ ಗೆರೆ

ಹೋದ ಡಿಸೆಂಬರಿನ ಒಂದು ಸಂಜೆ ಸೊಸೆ ಕಾಫಿ ತಂದಿಟ್ಟಳು. ಲೋಟಕ್ಕೆ ಕೈ ಹಾಕುವ ಮೊದಲೇ ಕೇಳಿದಳು: "ಮಾವ, ಎರಡು ಚಕ್ರಕ್ಕೆ ಒಂದು ಲಕ್ಷದ ಇಪ್ಪತ್ತು ಸಾವಿರ ಕೊಡೋರು ಇರ್ತಾರಾ?"

"ಸ್ಕೂಟರಿಗಾ?"

"ಸೈಕಲ್ಲಿಗೆ ಮಾವ. ಅದೂ ಬರೀ ಚಕ್ರಕ್ಕೆ. ಸೈಕಲ್ಲು ಆಗಲೇ ಇದೆಯಲ್ಲ. ನಿಮ್ಮ ಮಗ ತಗೋಬೇಕು ಅಂತಿದಾರೆ. ನೀವೇ ಒಂದು ಮಾತು ಹೇಳಿ."

ಬ್ಯಾಂಕಿನಲ್ಲಿ 37 ವರ್ಷ ಗುಮಾಸ್ತಿಕೆ ಮಾಡಿದವನು ನಾನು. ಮನೆಯಲ್ಲಿ ಹಣದ ಮಾತು ಬಂದರೆ ಎಲ್ಲರೂ ನನ್ನ ಕಡೆ ತಿರುಗುತ್ತಾರೆ. ನಾನೂ ಅಭ್ಯಾಸಬಲದಿಂದ ಪೆನ್ನು ಹುಡುಕುತ್ತೇನೆ. ಅಂದು ಮಾತ್ರ ಪೆನ್ನು ಎತ್ತಿಕೊಳ್ಳಲು ಸ್ವಲ್ಪ ಹಿಂಜರಿಕೆಯಾಯಿತು. ಅದಕ್ಕೆ ಕಾರಣವಿದೆ.

ಈ ಮಗ 9ನೇ ತರಗತಿಯಲ್ಲಿದ್ದಾಗ, ಅಂದರೆ 1993ರಲ್ಲಿ, ಗೇರ್ ಸೈಕಲ್ ಬೇಕೆಂದು ಕೇಳಿದ್ದ. ನಾನು ಒಂದು ಹಾಳೆ ತೆಗೆದುಕೊಂಡೆ. ಮನೆಯಿಂದ ಶಾಲೆಗೆ 3 ಕಿಲೋಮೀಟರ್, ದಾರಿಯಲ್ಲಿ ಏರು ಇಲ್ಲ, ಗೇರ್ ಇದ್ದರೆ ಉಳಿಯುವ ಹೊತ್ತು ಇಷ್ಟು, ಬೆಲೆಯಲ್ಲಿ ವ್ಯತ್ಯಾಸ ಇಷ್ಟು ಎಂದೆಲ್ಲ ಬರೆದು, ಕೆಳಗೆ ಎರಡು ಗೆರೆ ಎಳೆದು, "ಬೇಡ" ಅಂದೆ. ಲೆಕ್ಕದಲ್ಲಿ ತಪ್ಪಿರಲಿಲ್ಲ. ಅವನು "ಸರಿ ಅಪ್ಪ" ಅಂದು ಎದ್ದು ಹೋದ. ಆಮೇಲೆ ನನ್ನ ಹತ್ತಿರ ಏನನ್ನೂ ಕೇಳಲಿಲ್ಲ. ಕಾಲೇಜಿನ ಫೀಜು ಕಟ್ಟುವ ದಿನ ಕೂಡ ಅವರಮ್ಮನ ಕೈಲಿ ಹೇಳಿಸುತ್ತಿದ್ದ.

ಈಗ ಅವನಿಗೆ 46. ಮೂರು ವರ್ಷದ ಹಿಂದೆ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, "ಸಕ್ಕರೆ ಗಡಿಯಲ್ಲಿ ನಿಂತಿದೆ, ಮೈ ಬಗ್ಗಿಸಿ" ಅಂದರು. ಅವನು ಸೈಕಲ್ ಕೊಂಡ. ನಮ್ಮ ಮೈಸೂರಿನಲ್ಲಿ ಭಾನುವಾರ ಬೆಳಗಿನ ಜಾವ ಹೆಲ್ಮೆಟ್ ತೊಟ್ಟು ಗುಂಪುಗುಂಪಾಗಿ ಹೊರಡುವವರನ್ನು ನೀವೂ ನೋಡಿರುತ್ತೀರಿ. ಶ್ರೀರಂಗಪಟ್ಟಣ ದಾಟಿ ಪಾಂಡವಪುರದ ಕಡೆಗೆ ಹೋಗಿ ತಿಂಡಿ ತಿಂದು ಬರುವುದು ಇವರ ಗುಂಪಿನ ಪದ್ಧತಿ. ಸಕ್ಕರೆ ಇಳಿಯಿತು, ಹೊಟ್ಟೆಯೂ ಇಳಿಯಿತು. ಸೊಸೆಯೂ ಖುಷಿಯಾಗಿದ್ದಳು.

ಆದರೆ ಮೂರು ವಾರದಿಂದ ಅವನು ಭಾನುವಾರವೂ ಮಲಗಿರುತ್ತಿದ್ದ. ಯಾಕೋ ಎಂದರೆ "ಆಫೀಸಿನ ಸುಸ್ತು" ಅನ್ನುತ್ತಿದ್ದ. ನಿಜವಾದ ಕಾರಣ ಹೇಳಿದ್ದು ಮೊಮ್ಮಗಳು. "ತಾತ, ಅಪ್ಪ ಗುಂಪಲ್ಲಿ ಹಿಂದೆ ಬೀಳ್ತಾರಂತೆ. ಉಳಿದವರೆಲ್ಲ ಅಪ್ಪನಿಗೋಸ್ಕರ ಕಾಯ್ತಾ ನಿಲ್ತಾರಂತೆ. ಅಪ್ಪನಿಗೆ ಅದು ನಾಚಿಕೆ. ಮುಂದೆ ಹೋಗೋರಲ್ಲಿ ಇಬ್ಬರ ಹತ್ತಿರ ಕಾರ್ಬನ್ ಚಕ್ರ ಇದೆಯಂತೆ."

ಹೀಗಾಗಿ ಇದು ಚಕ್ರ ಕೊಳ್ಳುವ, ಬಿಡುವ ಮಾತಷ್ಟೇ ಆಗಿ ಉಳಿಯಲಿಲ್ಲ. ಮಗ ಸೈಕಲ್ ತುಳಿಯುವುದನ್ನೇ ಬಿಟ್ಟುಬಿಟ್ಟರೆ? ನನಗೆ ಆ ಹೆದರಿಕೆ. ಅತ್ತ ಮೊಮ್ಮಗಳ ಮುಂದಿನ ಓದಿಗೆಂದು ಕೂಡಿಡುವ ಹಣದಿಂದ ಒಂದು ಲಕ್ಷ ಜಾರಿಹೋಗುತ್ತದಲ್ಲ ಎಂದು ಸೊಸೆಗೆ ಸಂಕಟ. ಇಬ್ಬರದೂ ನ್ಯಾಯವೇ.

"ನೋಡದೆ ಹೇಳೋದು ಬೇಡ. ನಿನ್ನ ಸ್ನೇಹಿತರ ಚಕ್ರ ಒಂದು ದಿನಕ್ಕೆ ಕಡ ಕೊಡ್ತಾರಾ ಕೇಳು" ಅಂದೆ ಮಗನಿಗೆ. ಅವನ ಮುಖ ಅರಳಿತು. ಶನಿವಾರ ಸಂಜೆಯೇ ಚಕ್ರ ಮನೆಗೆ ಬಂತು.

ನಾನು ಸೈಕಲ್ ಕಲಿತದ್ದು ಗಂಟೆಗಿಷ್ಟೆಂದು ಬಾಡಿಗೆಗೆ ತಂದ ದೊಡ್ಡ ಸೈಕಲ್ಲಿನಲ್ಲಿ, ಕಂಬಿಯೊಳಗೆ ಕಾಲು ತೂರಿಸಿ. ಆ ಚಕ್ರದ ಕಬ್ಬಿಣದ ರಿಮ್ಮು ಎರಡು ಬೆರಳಗಲ, ಕಡ್ಡಿಗಳೋ ಬೇಕಾದಷ್ಟು. ಈ ಚಕ್ರ ಬೇರೆಯೇ ಜಾತಿ. ಕಪ್ಪಗೆ, ಹಗುರವಾಗಿ, ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು. ರಿಮ್ಮು ಒಳಮುಖವಾಗಿ 50 ಮಿಲಿಮೀಟರ್ ಆಳ. ಕಡ್ಡಿಗಳು ಕಡಿಮೆ, ಅವೂ ಚಪ್ಪಟೆ.

"ಯಾಕೆ ಹೀಗೆ?" ಎಂದು ಕೇಳಿದೆ. ಮೊಮ್ಮಗಳೂ ಈಗ 9ನೇ ತರಗತಿ. ಅವಳೇ ಮೇಷ್ಟರಾದಳು.

"ತಾತ, ಸೈಕಲ್ಲು ಗಾಳಿಯನ್ನ ಸೀಳ್ಕೊಂಡು ಹೋಗಬೇಕಲ್ಲ. ಸೀಳಿದ ಗಾಳಿ ಹಿಂದೆ ನೀಟಾಗಿ ಕೂಡಿಕೊಂಡರೆ ಕಷ್ಟ ಇಲ್ಲ. ಸುಳಿ ಸುಳಿಯಾದರೆ ಅದು ಸೈಕಲ್ಲನ್ನ ಹಿಂದಕ್ಕೆ ಎಳೆಯುತ್ತೆ. ಮೀನಿನ ಮೈ ಹಿಂದಕ್ಕೆ ಹೋಗ್ತಾ ಸಣ್ಣ ಆಗುತ್ತಲ್ಲ, ಈ ರಿಮ್ಮಿನ ಆಕಾರವೂ ಹಾಗೇ. ಇನ್ನೊಂದು ಗೊತ್ತಾ? ಚಕ್ರದ ನೆತ್ತಿ ಸೈಕಲ್ಲಿನ ಎರಡರಷ್ಟು ವೇಗದಲ್ಲಿ ಮುಂದಕ್ಕೆ ಹೋಗ್ತಿರುತ್ತೆ. ನೆಲಕ್ಕೆ ತಾಗಿದ ಜಾಗ ಆ ಕ್ಷಣಕ್ಕೆ ನಿಂತೇ ಇರುತ್ತೆ."

ನಾನು ಅರವತ್ತು ವರ್ಷದಿಂದ ಸೈಕಲ್ ನೋಡಿದ್ದೇನೆ. ಈ ಮಾತು ಹೊಳೆದಿರಲಿಲ್ಲ.

ಭಾನುವಾರ ಬೆಳಿಗ್ಗೆ ಆರೂವರೆಗೆ ಮೂವರೂ ಹೊರಟೆವು. ನಮ್ಮ ಬಡಾವಣೆಯ ಹಿಂದೆ ಸೈಟುಗಳಿವೆ, ಮನೆಗಳು ಇನ್ನೂ ಎದ್ದಿಲ್ಲ. ಅಲ್ಲೊಂದು ಇಳಿಜಾರು ರಸ್ತೆ, ಅದರ ಬುಡದಿಂದ ಉದ್ದಕ್ಕೆ ಸಮತಟ್ಟು. ವಾಹನಗಳಿಲ್ಲ, ಆ ಹೊತ್ತಿಗೆ ಗಾಳಿಯೂ ಇಲ್ಲ. ಪಕ್ಕದ ಮನೆಯ ಕಂಟ್ರಾಕ್ಟರರಿಂದ ಉದ್ದದ ಟೇಪು ತಂದಿದ್ದೆವು. ಪರೀಕ್ಷೆ ಸುಲಭದ್ದು. ಮಗ ಮೇಲಿನ ಗುರುತಿನಿಂದ ಪೆಡಲ್ ತುಳಿಯದೆ ಸೈಕಲ್ ಬಿಡಬೇಕು. ಅದು ತಾನಾಗಿ ಇಳಿದು, ಸಮತಟ್ಟಿನಲ್ಲಿ ಓಡಿ, ಎಲ್ಲಿ ನಿಲ್ಲುವುದೋ ಅಲ್ಲಿ ಮೊಮ್ಮಗಳು ಸೀಮೆಸುಣ್ಣದ ಗೆರೆ ಎಳೆಯಬೇಕು. ಒಂದೊಂದು ಚಕ್ರಕ್ಕೆ ಐದೈದು ಸಲ. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವವನು.

ಮೊದಲು ಹಳೆಯ ಚಕ್ರ. ಇಳಿಜಾರಿನ ಬುಡದಿಂದ ಸರಾಸರಿ 212 ಮೀಟರ್ ಓಡಿತು. ಆಮೇಲೆ ಕಾರ್ಬನ್ ಚಕ್ರ. ಸರಾಸರಿ 241 ಮೀಟರ್!

29 ಮೀಟರ್ ವ್ಯತ್ಯಾಸ. ಮಗ ಎರಡೂ ಕೈ ಮೇಲೆತ್ತಿದ. ನನಗೂ ಒಳಗೊಳಗೆ ಸಂತೋಷವೇ ಆಯಿತು. "ಬೇಡ" ಅನ್ನುವ ಕೆಲಸ ತಪ್ಪಿತಲ್ಲ!

ಮೊಮ್ಮಗಳು ಮಾತ್ರ ರಸ್ತೆ ಬದಿಯಲ್ಲಿ ಒರಗಿಸಿದ್ದ ಹಳೆಯ ಚಕ್ರದ ಮುಂದೆ ಕೂತು ಟೈರು ಅಮುಕುತ್ತಿದ್ದಳು. "ಅಪ್ಪಾ, ಇದರಲ್ಲಿ ಗಾಳಿ ಕಮ್ಮಿ ಇದೆ."

ಮೂರು ವಾರ ತುಳಿಯದೆ ಬಿಟ್ಟಿದ್ದಕ್ಕೆ ಇಳಿದಿರಬೇಕು. ಸ್ನೇಹಿತರ ಚಕ್ರಕ್ಕೆ ಹಿಂದಿನ ದಿನವಷ್ಟೇ ಗಾಳಿ ತುಂಬಿ ಕೊಟ್ಟಿದ್ದರು. ಪಂಪು ತಂದು ಎರಡೂ ಜೋಡಿಗೆ ಒಂದೇ ಒತ್ತಡಕ್ಕೆ ಗಾಳಿ ಹಾಕಿ ಮತ್ತೆ ಮೊದಲಿನಿಂದ ಶುರು ಮಾಡಿದೆವು. ಕಾರ್ಬನ್ ಚಕ್ರ ಮತ್ತೆ 241ರ ಆಸುಪಾಸಿನಲ್ಲೇ ನಿಂತಿತು. ಹಳೆಯ ಚಕ್ರ 236ಕ್ಕೆ ಬಂತು.

ವ್ಯತ್ಯಾಸ 5 ಮೀಟರ್. ಒಂದೇ ಚಕ್ರ ಐದು ಸಲ ಓಡಿದಾಗಲೂ ಗೆರೆಗೂ ಗೆರೆಗೂ 6-7 ಮೀಟರ್ ಅಂತರ ಇರುತ್ತಿತ್ತು. ಸರಾಸರಿಯಲ್ಲಿ ಕಾರ್ಬನ್ ಮುಂದಿತ್ತು, ನಿಜ. ಆದರೆ ರಸ್ತೆಯ ಮೇಲಿನ ಗೆರೆಗಳನ್ನು ಮಾತ್ರ ನೋಡಿದರೆ ಯಾವುದು ಯಾವ ಚಕ್ರದ್ದು ಎಂದು ಹೇಳಲು ಆಗುತ್ತಿರಲಿಲ್ಲ.

ಇಲ್ಲಿ ಒಂದು ಹಳೆಯ ಸಂಗತಿ ನೆನಪಾಗುತ್ತದೆ. ಬೆಲ್‌ಫಾಸ್ಟಿನಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಎಂಬ ಪಶುವೈದ್ಯರಿದ್ದರು. ಮಗನ ಮೂರು ಚಕ್ರದ ಸೈಕಲ್ಲು ಕಲ್ಲುಹಾಸಿನ ಮೇಲೆ ಗಡಗಡ ಅನ್ನುವುದನ್ನು ನೋಡಿ, ರಬ್ಬರಿನ ಕೊಳವೆಗೆ ಗಾಳಿ ತುಂಬಿ ಚಕ್ರಕ್ಕೆ ಸುತ್ತಿದರು. ಅದು ಲೇಸೋ ಅಲ್ಲವೋ ಎಂದು ತಿಳಿಯಲು ಅವರು ಮಾಡಿದ್ದು ಹೆಚ್ಚುಕಮ್ಮಿ ನಮ್ಮ ಪರೀಕ್ಷೆಯನ್ನೇ. ಹಳೆಯ ಚಕ್ರ ಒಂದನ್ನೂ ಗಾಳಿಯ ಚಕ್ರ ಒಂದನ್ನೂ ಅಂಗಳದಲ್ಲಿ ಉರುಳಿಸಿಬಿಟ್ಟರು. ಗಾಳಿಯದ್ದು ದೂರ ಹೋಯಿತು. 1888ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು. ಸೈಕಲ್ ಚಕ್ರಕ್ಕೆ ಬಂದ ದೊಡ್ಡ ಭಾಗ್ಯ ಅದು. ಈಗ ಅದನ್ನು ಉಳಿಸಿಕೊಳ್ಳಲು ಬೇಕಾದದ್ದು ಒಂದು ಪಂಪು, ಎರಡು ನಿಮಿಷ.

ಮಗ ಸುಮ್ಮನೆ ನಿಂತಿದ್ದ. ಮೊಮ್ಮಗಳು ಹೇಳಿದಳು: "ಅಪ್ಪಾ, ಇನ್ನೊಂದು ಸಲ. ಹಳೆ ಚಕ್ರದಲ್ಲೇ, ಮೊಣಕೈ ಮಡಿಸಿ ಬಗ್ಗಿ ಕೂತ್ಕೊಂಡು."

ಅವನು ಹ್ಯಾಂಡಲ್ಲಿನ ಕೆಳಭಾಗ ಹಿಡಿದು, ಬೆನ್ನು ಬಗ್ಗಿಸಿ ಐದು ಸಲ ಇಳಿದ. ಸರಾಸರಿ 256 ಮೀಟರ್.

ಮೂವರೂ ರಸ್ತೆಯಲ್ಲೇ ನಿಂತು ಆ ಗೆರೆಯನ್ನೂ ಕಾರ್ಬನ್ ಚಕ್ರದ ಗೆರೆಯನ್ನೂ ನೋಡಿದೆವು. ಚಕ್ರ ಬದಲಿಸಿದ್ದಕ್ಕೆ 5 ಮೀಟರ್, ಬೆನ್ನು ಬಗ್ಗಿಸಿದ್ದಕ್ಕೆ 20. ಸೈಕಲ್ ಸವಾರಿಯಲ್ಲಿ ಗಾಳಿ ತಡೆಯುವ ದೊಡ್ಡ ವಸ್ತು ಮೇಲೆ ಕೂತಿರುವ ಮನುಷ್ಯನೇ. ಗಾಳಿಯ ತಡೆಯಲ್ಲಿ ಹೆಚ್ಚುಕಮ್ಮಿ ಮುಕ್ಕಾಲು ಪಾಲು ಅವನ ಮೈಯದು. ಉಳಿದ ಕಾಲುಪಾಲಿನಲ್ಲಿ ಚಕ್ರಕ್ಕೆ ಸೇರುವುದು ಒಂದಿಷ್ಟು.

ಮನೆಗೆ ಬಂದು ದೋಸೆ ತಿನ್ನುತ್ತಾ ಮಗ ಕೊನೆಯ ವಾದ ಹೂಡಿದ. "ಅಪ್ಪ, ಸಣ್ಣ ವ್ಯತ್ಯಾಸ ಅಂತ ಬಿಡೋಹಾಗಿಲ್ಲ. 1989ರ ಟೂರ್ ಡಿ ಫ್ರಾನ್ಸ್ ಗೊತ್ತಾ? 3,200 ಕಿಲೋಮೀಟರಿಗೂ ಮೇಲೆ ಓಡಿಸಿ, ಕೊನೆಗೆ ಗೆದ್ದದ್ದು ಬರೀ 8 ಸೆಕೆಂಡಿನಲ್ಲಿ."

ಕಥೆ ಚೆನ್ನಾಗಿತ್ತು. ಕೊನೆಯ ದಿನ ವರ್ಸೇಲ್ಸ್‌ನಿಂದ ಪ್ಯಾರಿಸಿಗೆ 24.5 ಕಿಲೋಮೀಟರ್, ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡಿಸಬೇಕು. ಫ್ರಾನ್ಸಿನ ಲೊರಾಂ ಫಿನ್ಯೋಂ 50 ಸೆಕೆಂಡ್ ಮುಂದಿದ್ದ. ಅಮೆರಿಕದ ಗ್ರೆಗ್ ಲೆಮಾಂಡ್ ಅಂದು ಗಂಟೆಗೆ 54 ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ಹೋಗಿ, ಫಿನ್ಯೋಂಗಿಂತ 58 ಸೆಕೆಂಡ್ ಬೇಗ ಮುಟ್ಟಿ, ಇಡೀ ಸ್ಪರ್ಧೆಯನ್ನು 8 ಸೆಕೆಂಡಿನಿಂದ ಗೆದ್ದ.

"ಅಪ್ಪಾ, ಯಾರ ಚಕ್ರ ಚೆನ್ನಾಗಿತ್ತು?" ಎಂದು ಕೇಳಿದಳು ಮೊಮ್ಮಗಳು.

ಮಗ ದೋಸೆ ಮುರಿಯುವುದನ್ನು ನಿಲ್ಲಿಸಿದ. ಅವನು ಸುಳ್ಳು ಹೇಳುವವನಲ್ಲ. "ಫಿನ್ಯೋಂದು. ಅವನದು ಹಿಂದೆ ಮುಂದೆ ಎರಡೂ ಕಡ್ಡಿಯಿಲ್ಲದ ಮುಚ್ಚಿದ ಚಕ್ರ. ಲೆಮಾಂಡಂದು ಹಿಂದಿನದು ಮಾತ್ರ ಮುಚ್ಚಿದ್ದು."

"ಮತ್ತೆ ಗೆದ್ದಿದ್ದು ಹೇಗೆ?"

"ಅವನ ಹ್ಯಾಂಡಲ್ಲಿಗೆ ಮುಂದಕ್ಕೆ ಚಾಚಿದ ಎರಡು ಕೊಂಬು ಹಾಕಿಸಿದ್ದ. ಅದರ ಮೇಲೆ ಮೊಣಕೈ ಊರಿ ಬಗ್ಗಿ ಮಲಗಿದ ಹಾಗೆ ಕೂತಿದ್ದ. ತಲೆಗೆ ನುಣುಪಾದ ಹೆಲ್ಮೆಟ್. ಫಿನ್ಯೋಂ ಹೆಲ್ಮೆಟ್ ಇಲ್ಲದೆ ಜುಟ್ಟು ಬಿಟ್ಕೊಂಡು ಓಡಿಸ್ದ. ಪಾಪ, ಅವನಿಗೆ ಕೂತ್ಕೊಳ್ಳೋ ಜಾಗದಲ್ಲಿ ಹುಣ್ಣು ಬೇರೆ ಆಗಿತ್ತು."

ಯಾರೂ ಏನೂ ಹೇಳಲಿಲ್ಲ. ಸೊಸೆ ಮಾತ್ರ ಇನ್ನೊಂದು ದೋಸೆ ತಂದು ಅವನ ತಟ್ಟೆಗೆ ಹಾಕಿದಳು.

ಮಧ್ಯಾಹ್ನ ಮೊಮ್ಮಗಳೂ ನಾನೂ ಲೆಕ್ಕಕ್ಕೆ ಕೂತೆವು. ಮಕ್ಕಳೇ, ಈ ಲೆಕ್ಕ ನೀವೂ ಮಾಡಬಹುದು. ವೇಗ ಎರಡರಷ್ಟಾದರೆ ಗಾಳಿಯ ತಡೆ 2×2, ಅಂದರೆ 4ರಷ್ಟಾಗುತ್ತದೆ. ಅದನ್ನು ಎದುರಿಸಿ ತುಳಿಯಲು ಬೇಕಾದ ಶಕ್ತಿ 2×2×2, ಅಂದರೆ 8ರಷ್ಟು. ಶಕ್ತಿಯನ್ನು ಅಳೆಯುವುದು ಬಲ್ಬಿನ ಹಾಗೆ ವ್ಯಾಟಿನಲ್ಲಿ. ಗಂಟೆಗೆ 40 ಕಿಲೋಮೀಟರಿನಲ್ಲಿ ಹೋಗುವವನಿಗೆ ಈ ಚಕ್ರ 12 ವ್ಯಾಟ್ ಉಳಿಸುತ್ತದೆ ಎಂದು ಉದಾರವಾಗಿಯೇ ಹಿಡಿದೆವು. ಮಗ ಹೋಗುವುದು ಗಂಟೆಗೆ 24. ಆ ವೇಗಕ್ಕೆ ಇಳಿಸಿದರೆ ಉಳಿಯುವುದು 2.6 ವ್ಯಾಟ್.

ನನಗೆ ನಗು ಬಂತು. 1973ರಲ್ಲಿ ಕೆಲಸಕ್ಕೆ ಸೇರಿ ಮೊದಲ ಸೈಕಲ್ ಕೊಂಡಾಗ ಹಿಂದಿನ ಚಕ್ರಕ್ಕೆ ಡೈನಮೊ ಹಾಕಿಸಿದ್ದೆ. ಅದರ ದೀಪ 3 ವ್ಯಾಟಿನದು. ಟೈರಿಗೆ ಡೈನಮೊ ಒತ್ತಿದೊಡನೆ ಗುಂಯ್ ಎಂದು ಸೈಕಲ್ಲು ಭಾರವಾಗುತ್ತಿತ್ತು. ದೀಪವಿಲ್ಲದೆ ಹೋದರೆ ಪೊಲೀಸರ ಭಯ, ದೀಪ ಹಚ್ಚಿದರೆ ಕಾಲಿಗೆ ಭಾರ. ಇದನ್ನು ಕೇಳಿ ಮೊಮ್ಮಗಳು "ಹಾಗಾದ್ರೆ ತಾತ, ನೀವು ಡೈನಮೊ ಹಿಂದಕ್ಕೆ ಮಡಚಿದಾಗಲೆಲ್ಲ ಕಾರ್ಬನ್ ಚಕ್ರ ಹಾಕಿಸಿಕೊಂಡ ಹಾಗೆ!" ಅಂದಳು.

24ರ ವೇಗದಲ್ಲಿ ಮಗ ಹಾಕುವ ಶಕ್ತಿ ಒಟ್ಟು 90 ವ್ಯಾಟಿನಷ್ಟು. ಅದರಲ್ಲಿ 2.6 ಉಳಿದರೆ ವೇಗ ನೂರಕ್ಕೆ 1.2ರಷ್ಟು ಏರುತ್ತದೆ. 24 ಇದ್ದದ್ದು 24.3 ಆಗುತ್ತದೆ. 40 ಕಿಲೋಮೀಟರಿನ ಸವಾರಿಯಲ್ಲಿ ಉಳಿಯುವ ಹೊತ್ತು 72 ಸೆಕೆಂಡ್. ಓಟಗಾರನಿಗೆ ಅದೇ ದೂರದಲ್ಲಿ ಉಳಿಯುವುದು 45 ಸೆಕೆಂಡ್ ಚಿಲ್ಲರೆ. "ಅಪ್ಪ ನಿಧಾನ, ರಸ್ತೆ ಮೇಲೆ ಜಾಸ್ತಿ ಹೊತ್ತು ಇರ್ತಾರೆ. ಅದಕ್ಕೇ ಅಪ್ಪನಿಗೇ ಜಾಸ್ತಿ ಸೆಕೆಂಡ್ ಉಳಿಯುತ್ತೆ" ಎಂದು ಮೊಮ್ಮಗಳು ತಂದೆಯ ಪರವಾಗಿ ಒಂದು ಅಂಶ ಬರೆಸಿದಳು. ನ್ಯಾಯವಾದದ್ದೇ, ಬರೆದುಕೊಂಡೆ. ಲೆಮಾಂಡ್‌ನಂಥವನಿಗೆ ಆ ಸೆಕೆಂಡು ಗೆಲುವು. ಮಗನಿಗೆ 72 ಸೆಕೆಂಡ್ ಮೊದಲು ತಿಂಡಿ.

ವರ್ಷಕ್ಕೆ 50 ಭಾನುವಾರ, ಐದು ವರ್ಷಕ್ಕೆ 250 ಸವಾರಿ. ಒಟ್ಟು ಉಳಿಯುವುದು 18,000 ಸೆಕೆಂಡ್, ಅಂದರೆ 5 ಗಂಟೆ. 1,20,000 ರೂಪಾಯಿಗೆ 5 ಗಂಟೆ. ಗಂಟೆಗೆ 24,000 ಬಿತ್ತು.

ಗುಂಪಿನವರು ಹೋಗುವ ವೇಗ 27. ಚಕ್ರ ಕೊಂಡರೂ 24.3ರವನು ಹಿಂದೆಯೇ ಬೀಳುತ್ತಾನೆ. ನನಗೆ ಮುಖ್ಯವಾಗಿ ಕಂಡದ್ದು ಇದು. ಒಂದು ಲಕ್ಷದ ಚಕ್ರದ ಮೇಲೆ ಕೂತು ಹಿಂದೆ ಬಿದ್ದರೆ ನಾಚಿಕೆ ಇನ್ನೂ ಹೆಚ್ಚಾಗುವುದಿಲ್ಲವೇ?

"ನೀನು ಗುಂಪಿನಲ್ಲಿ ಎಲ್ಲಿರ್ತೀಯ?" ಎಂದು ಮಗನನ್ನು ಕೇಳಿದೆ.

"ಪಕ್ಕದಲ್ಲಿ, ಒಂದಿಷ್ಟು ದೂರವಾಗಿ. ತೀರಾ ಹತ್ತಿರ ಹೋಗೋಕೆ ಭಯ ಅಪ್ಪ."

ಮುಂದಿನವರ ಬೆನ್ನಿಗೆ ನೇರವಾಗಿ, ಹತ್ತಿರದಲ್ಲಿ ಹೋದರೆ ಗಾಳಿಯ ತಡೆ ಸುಮಾರು ಮೂರನೇ ಒಂದು ಪಾಲು ತಗ್ಗುತ್ತದೆ. ಆ ಮರೆಯಲ್ಲಿ 27ರ ವೇಗಕ್ಕೂ ಅವನಿಗೆ ಬೇಕಾಗುವುದು ಅದೇ 90 ವ್ಯಾಟ್. ಮೊಮ್ಮಗಳು ಎರಡು ಸಲ ಲೆಕ್ಕ ಹಾಕಿ ತೋರಿಸಿದಳು. ಚಕ್ರ ಕೊಡದಿದ್ದದ್ದನ್ನು ಮುಂದಿನವರ ಬೆನ್ನು ಪುಕ್ಕಟೆಯಾಗಿ ಕೊಡುತ್ತಿತ್ತು. ಅದಕ್ಕೆ ಅಭ್ಯಾಸ ಬೇಕು, ಬ್ರೇಕಿನ ಮೇಲೆ ಬೆರಳು ಬೇಕು, ಮುಂದಿನವರು ಕೈಸನ್ನೆ ಮಾಡಿ ಗುಂಡಿ ತೋರಿಸಬೇಕು. (ಮಕ್ಕಳು ವಾಹನ ಓಡಾಡುವ ರಸ್ತೆಯಲ್ಲಿ ಇದನ್ನು ಮಾಡಬಾರದು.)

ಆಳದ ರಿಮ್ಮಿಗೆ ಅಡ್ಡಗಾಳಿ ಹೊಡೆದರೆ ಮುಂದಿನ ಚಕ್ರ ಪಕ್ಕಕ್ಕೆ ಎಳೆಯುತ್ತದೆ ಎಂಬುದನ್ನೂ ಬರೆದೆ. ನುಣುಪಾಗಿವೆ, ಚಂದ ಕಾಣುತ್ತವೆ, ಹತ್ತಿದರೆ ಮನಸ್ಸಿಗೆ ಹುರುಪು ಬರುತ್ತದೆ ಎಂಬುದನ್ನು ಎಡಗಡೆಯ ಕಾಲಮ್ಮಿನಲ್ಲಿ ಬರೆದೆ. ಅದೂ ಜಮೆಯೇ. ಹಾಳೆಯ ಕೆಳಗೆ ಎರಡು ಗೆರೆ ಎಳೆದೆ. ಅಲ್ಲಿಗೆ ನಿಲ್ಲಿಸಿ ಮಗನ ಕೈಗೆ ಕೊಟ್ಟೆ.

ಅವನು ಓದಿದ. ಹಾಳೆ ತಿರುಗಿಸಿ ನೋಡಿದ. "ಕೊನೇಲಿ ಏನೂ ಬರೆದಿಲ್ವಲ್ಲ. ನೀವೇನು ಹೇಳ್ತೀರಪ್ಪ?"

"ಲೆಕ್ಕ ನನ್ನದು, ತೀರ್ಮಾನ ನಿನ್ನದು. ಆವತ್ತು ಎರಡನ್ನೂ ನಾನೇ ಮಾಡಿಬಿಟ್ಟಿದ್ದೆ."

ಅವನಿಗೆ ಒಂದು ಗಳಿಗೆ ತಿಳಿಯಲಿಲ್ಲ. ಆಮೇಲೆ ನಕ್ಕ. "ಗೇರ್ ಸೈಕಲ್ಲಾ? ಅಪ್ಪ, ಅದನ್ನ ಇನ್ನೂ ತಲೇಲಿ ಇಟ್ಕೊಂಡಿದೀರಾ?"

"ನೀನು ಇಟ್ಕೊಂಡಿಲ್ವಾ?"

"ಇಟ್ಕೊಂಡಿದ್ದೆ" ಅಂದ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡ.

ಸಂಜೆ ಚಕ್ರ ವಾಪಸು ಹೋಯಿತು. ಆ ವಾರದಲ್ಲಿ ಅವನು ಒತ್ತಡ ತೋರಿಸುವ ಮುಳ್ಳಿನ ಪಂಪು ಒಂದು, ಒಳ್ಳೆಯ ಟೈರು ಒಂದು ಜೊತೆ ತಂದ. ಅಂಗಡಿಯಲ್ಲಿ ಹ್ಯಾಂಡಲ್ ಸ್ವಲ್ಪ ಇಳಿಸಿಕೊಂಡು ಬಂದ. ಎಲ್ಲಾ ಸೇರಿ ಹತ್ತು ಸಾವಿರದೊಳಗೆ ಮುಗಿಯಿತು. "ಮುಂದಿನ ವರ್ಷ ಬೋನಸ್ ಬಂದಾಗ ಚಕ್ರ ನೋಡೋಣ" ಎಂದೂ ಸೇರಿಸಿದ. ಸೊಸೆ ಕೇಳಿಸಿಕೊಂಡಳು, ಈ ಸಲ ನನ್ನ ಕಡೆ ನೋಡಲಿಲ್ಲ.

ಮುಂದಿನ ಭಾನುವಾರ ಐದಕ್ಕೇ ಎದ್ದು ಹೊರಟ. ಒಂಬತ್ತೂವರೆಗೆ ಬೆವರಿಳಿಸಿಕೊಂಡು ಬಂದವನನ್ನು ಮೊಮ್ಮಗಳು ಗೇಟಿನಲ್ಲೇ ತಡೆದಳು. "ಹಿಂದೆ ಬಿದ್ರಾ ಅಪ್ಪಾ?"

"ಪಾಂಡವಪುರದವರೆಗೆ ಇಲ್ಲ. ಬರುವಾಗ ಒಂದು ಏರಿನಲ್ಲಿ ಬಿದ್ದೆ. ಕಾದರು."

"ನಾಚಿಕೆ ಆಯ್ತಾ?"

"ಸ್ವಲ್ಪ" ಅಂದು ಸೈಕಲ್ ಒರಗಿಸಿ, ಒಳಗೆ ಬಂದು, ನನ್ನ ಎದುರು ಕೂತು ಕಾಫಿ ಕೇಳಿದ.

ಇಳಿಜಾರಿನ ರಸ್ತೆಯಲ್ಲಿ ಸೀಮೆಸುಣ್ಣದ ಗೆರೆಗಳು ಸಂಕ್ರಾಂತಿ ಕಳೆದ ಮೇಲೂ ಇದ್ದವು. ಬೆಳಗಿನ ವಾಕಿಂಗಿಗೆ ಆ ಕಡೆಯೇ ಹೋಗುತ್ತೇನೆ. 236, 241, 256. ಗೆರೆಯ ಪಕ್ಕದಲ್ಲಿ ಮೊಮ್ಮಗಳು ಬರೆದ ಅಂಕಿಗಳನ್ನು ದಾಟುತ್ತಾ ನನ್ನ ಬೆನ್ನೂ ಒಂದಿಷ್ಟು ಬಾಗಿದೆಯಲ್ಲ, ಗಾಳಿಗೆ ಒಳ್ಳೆಯದೇ ಆಯಿತು ಅಂದುಕೊಳ್ಳುತ್ತೇನೆ.